ಮಬ್ಬು ಬೆಳಕಿಗೆ ಎಂಥ ಲೆನ್ಸ್? ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ರೇಂಜ್‌ಫೈಂಡರ್ ಕ್ಯಾಮೆರಾಗಳ ಬಗ್ಗೆ ಬರೆದ ಮೇಲೆ ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳ ಓದುಗರು ಕಳಿಸಿದ ಪತ್ರಗಳಲ್ಲಿ ಬಹುಪಾಲು ಒಂದೇ ಸಂಗತಿಯ ಸುತ್ತ ಇವೆ: ಕತ್ತಲು ಕವಿದ ಮೇಲೆ, ಇಲ್ಲವೆ ಬೆಳಕು ಕಡಿಮೆ ಇರುವ ಮನೆ, ಮಗ್ಗ, ಗುಡಿಗಳ ಒಳಗೆ ಚಿತ್ರ ತೆಗೆಯಲು ಎಂಥ ಲೆನ್ಸ್ ಕೊಳ್ಳಬೇಕು? ಹೊಸ ಓದುಗರಿಗಾಗಿ ಎರಡು ಮಾತು. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ. ಮೂಲೆಯ ಒಂದು ಪುಟ್ಟ ಕಿಟಕಿಯಿಂದ ನೋಡುತ್ತೇವೆ, ಅದೇ ವ್ಯೂಫೈಂಡರ್. ಆ ಕಿಟಕಿಯ ನಡುವಿನ ಚೌಕದಲ್ಲಿ ವಸ್ತು ಎರಡೆರಡಾಗಿ ಕಾಣುತ್ತದೆ, ಲೆನ್ಸ್ ತಿರುಗಿಸುತ್ತ ಆ ಎರಡು ಬಿಂಬಗಳನ್ನು ಒಂದರ ಮೇಲೊಂದು ಕೂಡಿಸಿದಾಗ ಫೋಕಸ್ ಸರಿಯಾಗುತ್ತದೆ. ಎಫ್ ಸಂಖ್ಯೆ ಲೆನ್ಸಿನ ಬಾಯಿ, ಅಂದರೆ ಅಪರ್ಚರ್, ಎಷ್ಟು ತೆರೆದಿದೆ ಎಂಬುದರ ಅಳತೆ. ಅದು ಸಣ್ಣದಾದಷ್ಟು ಬೆಳಕು ಹೆಚ್ಚು, ಬಹಳ ಸಣ್ಣ ಎಫ್ ಸಂಖ್ಯೆಯದನ್ನು ಫಾಸ್ಟ್ ಲೆನ್ಸ್ ಎನ್ನುತ್ತಾರೆ. ಬೆಳಕು ಇಮ್ಮಡಿಯಾದರೆ ಅದು ಒಂದು ಸ್ಟಾಪ್. ಲೆನ್ಸಿನ ಮಿ.ಮೀ. ಸಂಖ್ಯೆ ಸಣ್ಣದಾದಷ್ಟು ನೋಟ ಅಗಲ. ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಬಳಿ ಲೈಕಾ ಎಂ6 ಕ್ಯಾಮೆರಾ ಮತ್ತು 50 ಮಿ.ಮೀ. ಎಫ್ 2 ಸುಮಿಕ್ರಾನ್ ಲೆನ್ಸ್ ಇವೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ರಾತ್ರಿ ತೆಗೆದ ಚಿತ್ರಗಳು ನನಗೆ ಸಮಾಧಾನ ತಂದಿಲ್ಲ. ಸಾಲ ಮಾಡಿಯಾದರೂ ಎಫ್ 0.95 ಅಥವಾ ಎಫ್ 1.1 ಲೆನ್ಸ್ ತರಬೇಕೆಂದಿದ್ದೇನೆ. ಗೋಳಗುಮ್ಮಟದ ಒಳಗೂ ಅದು ಉಪಯೋಗಕ್ಕೆ ಬಂದೀತೇ? (ಓದುಗರು, ವಿಜಯಪುರ)

ಉತ್ತರ: ತಾವು ಪತ್ರದೊಂದಿಗೆ ಕಳಿಸಿದ ಆರು ಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಅವುಗಳಲ್ಲಿ ಬೆಳಕಿನ ಕೊರತೆಯಿಂದ ಕೆಟ್ಟದ್ದು ಒಂದು ಮಾತ್ರ. ಉಳಿದ ಐದರಲ್ಲಿ ಬೆಳಕು ಸಾಕಷ್ಟಿದೆ, ಆದರೆ ಫೋಕಸ್ ಮುಖದ ಮೇಲೆ ನಿಂತಿಲ್ಲ. ಬೆಂಡು ಬೆತ್ತಾಸದ ಅಂಗಡಿಯ ಮುಂದಿನ ಮುದುಕಿಯ ಚಿತ್ರದಲ್ಲಿ ಆಕೆಯ ಕಣ್ಣು ಮಸುಕಾಗಿ, ಹಿಂದಿನ ತಕ್ಕಡಿಯ ಸರಪಳಿ ಎಣಿಸುವಷ್ಟು ಸ್ಪಷ್ಟವಾಗಿದೆ. ಆದ್ದರಿಂದ ಸಾಲದ ಮಾತಿಗೆ ಮೊದಲು ಈ ಲೆಕ್ಕವನ್ನು ದಯವಿಟ್ಟು ಓದಿರಿ.

ಎಫ್ 2ರಿಂದ ಎಫ್ 0.95ಕ್ಕೆ ಹೋದರೆ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚು ಬೆಳಕು ಸಿಗುತ್ತದೆ, ಅಂದರೆ ಎರಡು ಸ್ಟಾಪ್‌ಗಿಂತ ತುಸು ಹೆಚ್ಚು. ಅದು ಸಣ್ಣ ಲಾಭವಲ್ಲ. ಆದರೆ ಅದಕ್ಕೆ ತೆರುವ ಬೆಲೆ ಹಣವೊಂದೇ ಅಲ್ಲ. ಮೂರು ಮೀಟರ್ ದೂರದಲ್ಲಿ ನಿಂತವರಿಗೆ 50 ಮಿ.ಮೀ. ಲೆನ್ಸಿನಿಂದ ಎಫ್ 2ರಲ್ಲಿ ಫೋಕಸ್ ಹಿಡಿದರೆ, ಹಿಂದೆ ಮುಂದೆ ಸೇರಿ ಸುಮಾರು 42 ಸೆಂ.ಮೀ. ಆಳದಷ್ಟು ಭಾಗ ಕಣ್ಣಿಗೆ ಸ್ಪಷ್ಟವೆನಿಸುತ್ತದೆ, ಎಫ್ 0.95ರಲ್ಲಿ ಅದು 20 ಸೆಂ.ಮೀ.ಗೆ ಇಳಿಯುತ್ತದೆ. ಒಂದೂವರೆ ಮೀಟರಿಗೆ ಹತ್ತಿರ ಬಂದರೆ ಅದು ಕೇವಲ 5 ಸೆಂ.ಮೀ. ಇನ್ನು ಜಾತ್ರೆಯ ನೂಕುನುಗ್ಗಲಿನಲ್ಲಿ ನಿಮ್ಮತ್ತ ನಿಧಾನವಾಗಿ, ಸೆಕೆಂಡಿಗೆ ಅರ್ಧ ಮೀಟರಿನಂತೆ ಬರುತ್ತಿರುವ ಒಬ್ಬರನ್ನು ನೆನೆಯಿರಿ. ಚೌಕದಲ್ಲಿ ಬಿಂಬ ಕೂಡಿದ್ದನ್ನು ಕಂಡು ಬೆರಳು ಗುಂಡಿಯನ್ನು ಒತ್ತುವುದರೊಳಗೆ ಕಾಲು ಸೆಕೆಂಡು ಕಳೆಯುತ್ತದೆ ಎಂದಿಟ್ಟುಕೊಂಡರೂ ಅಷ್ಟರಲ್ಲಿ ಅವರು 12 ಸೆಂ.ಮೀ. ಮುಂದೆ ಬಂದಿರುತ್ತಾರೆ. ಎಫ್ 2ರಲ್ಲಿ ಮುಖ ಇನ್ನೂ ಸ್ಪಷ್ಟತೆಯ ಒಳಗೇ ಇರುತ್ತದೆ. ಎಫ್ 0.95ರಲ್ಲಿ ಅದು ಗೆರೆ ದಾಟಿ ಹೊರಗೆ ಬಂದಿರುತ್ತದೆ. ನಿಮ್ಮ ಐದು ಚಿತ್ರಗಳು ಎಫ್ 2ರಲ್ಲೇ ತಪ್ಪಿವೆಯೆಂದ ಮೇಲೆ, ಅದರ ಅರ್ಧದಷ್ಟೂ ಆಳವಿಲ್ಲದ ಲೆನ್ಸ್ ಆ ತಪ್ಪನ್ನು ಕಡಿಮೆ ಮಾಡುವುದು ಹೇಗೆ?

ಕ್ಯಾಮೆರಾದ ಅಳತೆಯೂ ಇಲ್ಲಿ ಮುಖ್ಯ. ರೇಂಜ್‌ಫೈಂಡರಿನ ಎರಡು ಕಿಟಕಿಗಳ ನಡುವಿನ ಅಂತರವನ್ನು ವ್ಯೂಫೈಂಡರ್ ಎಷ್ಟು ಹಿರಿದು ತೋರಿಸುತ್ತದೆ ಎಂಬ ಸಂಖ್ಯೆಯಿಂದ ಗುಣಿಸಿದರೆ ಬರುವ ಉದ್ದವೇ ಫೋಕಸಿನ ನಿಖರತೆಯನ್ನು ನಿರ್ಧರಿಸುತ್ತದೆ. 1954ರ ಲೈಕಾ ಎಂ3ಯಲ್ಲಿ ಇದು ಸುಮಾರು 63 ಮಿ.ಮೀ. ನಿಮ್ಮ ಎಂ6ರಲ್ಲಿ, 0.72 ಪಟ್ಟಿನ ಸಾಮಾನ್ಯ ವ್ಯೂಫೈಂಡರ್ ಇದ್ದರೆ, 69.25 ಮಿ.ಮೀ. ಅಂತರ ಸುಮಾರು 50 ಮಿ.ಮೀ. ಆಗುತ್ತದೆ. 50 ಮಿ.ಮೀ. ಎಫ್ 1.4ಕ್ಕೆ ಇದು ಧಾರಾಳವಾಗಿ ಸಾಕು. ಅದಕ್ಕಿಂತ ದೊಡ್ಡ ಅಪರ್ಚರಿಗೂ ಕಾಗದದ ಲೆಕ್ಕದಲ್ಲಿ ಸಾಕಾಗುತ್ತದೆ, ಆದರೆ ಆಗ ಕ್ಯಾಮೆರಾದ ಹೊಂದಾಣಿಕೆಯಲ್ಲಿ, ಲೆನ್ಸಿನಲ್ಲಿ, ನಿಮ್ಮ ಕಣ್ಣಿನಲ್ಲಿ ಎಲ್ಲಿಯೂ ಕೂದಲೆಳೆಯ ದೋಷವೂ ಇರಕೂಡದು.

ಇಂಥ ಲೆನ್ಸುಗಳು ಹುಟ್ಟಿದ ಕಾಲವನ್ನೂ ನೆನೆಯಬೇಕು. ಕ್ಯಾನನ್ ತನ್ನ ಕ್ಯಾನನ್ 7 ಕ್ಯಾಮೆರಾಕ್ಕಾಗಿ 50 ಮಿ.ಮೀ. ಎಫ್ 0.95 ಲೆನ್ಸನ್ನು ತಂದದ್ದು 1961ರಲ್ಲಿ. ಲೈಕಾದ ಮೊದಲ ನಾಕ್ಟಿಲಕ್ಸ್ 1966ರದು, ಅದು ಎಫ್ 1.2, ದೀಪಗಳ ಸುತ್ತ ಬೆಳಕು ರೆಕ್ಕೆ ಬಿಚ್ಚಿದಂತೆ ಹರಡುವ ದೋಷವನ್ನು ತಡೆಯಲು ಅದರ ಎರಡು ಮೇಲ್ಮೈಗಳನ್ನು ಗೋಳಾಕಾರ ಬಿಟ್ಟು ಬೇರೆ ಆಕಾರಕ್ಕೆ ಉಜ್ಜಿ ಮಾಡಿದ್ದರು. ಎಫ್ 0.95 ನಾಕ್ಟಿಲಕ್ಸ್ ಬಂದದ್ದು 2008ರಲ್ಲಿ. ಅರವತ್ತರ ದಶಕದಲ್ಲಿ 400 ವೇಗದ ಫಿಲ್ಮೇ (ಈ ಸಂಖ್ಯೆ ಹೆಚ್ಚಿದಷ್ಟು ಕಡಿಮೆ ಬೆಳಕು ಸಾಕು) ಬಹಳ ವೇಗದ್ದೆನಿಸಿತ್ತು, ಒಂದೊಂದು ಸ್ಟಾಪ್ ಬೆಳಕಿಗೂ ಗಾಜಿನ ಮೊರೆಹೋಗದೆ ಬೇರೆ ದಾರಿ ಇರಲಿಲ್ಲ. ಇಂದು 400 ವೇಗದ ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಫಿಲ್ಮನ್ನು 1600ಕ್ಕೆ ಇಟ್ಟು ತೆಗೆದು, ಡೆವಲಪ್ ಮಾಡುವ ಹೊತ್ತನ್ನು ಹೆಚ್ಚಿಸಿದರೆ, ನೆರಳಿನ ಭಾಗ ಒಂದಿಷ್ಟು ಕಪ್ಪಾಗುವುದನ್ನು ಬಿಟ್ಟರೆ ಒಳ್ಳೆಯ ಚಿತ್ರ ಬರುತ್ತದೆ. ಅಂಗಡಿ ಸಾಲಿನ ದೀಪಗಳ ಹತ್ತಿರ ಎಫ್ 2ರಲ್ಲೇ 1/125 ಸೆಕೆಂಡ್ ಸಿಗುತ್ತದೆ.

ತೂಕದ ವಿಷಯವನ್ನೂ ಮರೆಯಬೇಡಿ. ನಿಮ್ಮ ಸುಮಿಕ್ರಾನ್ ಕಾಲು ಕಿಲೋ ಆಸುಪಾಸಿನದು. ಎಫ್ 0.95 ನಾಕ್ಟಿಲಕ್ಸ್ 700 ಗ್ರಾಂ ತೂಗುತ್ತದೆ, ಒಂದು ಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ, ಅದರ ದಪ್ಪ ಕೊಳವೆ ವ್ಯೂಫೈಂಡರಿನ ಕೆಳಗಿನ ಬಲಮೂಲೆಯನ್ನು ಮುಚ್ಚುತ್ತದೆ. ಫೋಕ್ಟ್‌ಲೆಂಡರ್ ನಾಕ್ಟನ್ 50 ಮಿ.ಮೀ. ಎಫ್ 1.1 ಬೆಲೆಯಲ್ಲೂ ತೂಕದಲ್ಲೂ ಅದಕ್ಕಿಂತ ಎಷ್ಟೋ ಹಗುರ, ಆದರೆ ಅದಕ್ಕೂ ಒಂದು ಮೀಟರಿನ ಮಿತಿ ಇದೆ.

ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ: ಸಾಲ ಮಾಡಬೇಡಿ. ಹಣ ಕೂಡಿದಾಗ ಎಫ್ 1.4 ಅಥವಾ ಎಫ್ 1.5ರ 50 ಮಿ.ಮೀ. ಲೆನ್ಸ್ ತನ್ನಿರಿ, ಅದರಿಂದ ಒಂದು ಸ್ಟಾಪ್ ಸಿಗುತ್ತದೆ, ಕ್ಯಾಮೆರಾದ ಹದವೂ ಕೆಡುವುದಿಲ್ಲ. ಅಲ್ಲಿಯವರೆಗೆ ಇರುವ ಲೆನ್ಸಿನಲ್ಲೇ ಫೋಕಸ್ ಹಿಡಿಯುವುದನ್ನು ಪಳಗಿಸಿಕೊಳ್ಳಿ. ಜಾತ್ರೆಯಲ್ಲಿ ಮದ್ದು ಸುಡುವ ಚಿತ್ರಕ್ಕಂತೂ ಫಾಸ್ಟ್ ಲೆನ್ಸ್ ಬೇಕೇ ಇಲ್ಲ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಕೂರಿಸಿ, 100 ವೇಗದ ಫಿಲ್ಮಿನಲ್ಲಿ ಎಫ್ 8ಕ್ಕೆ ಇಟ್ಟು ಎರಡು ಮೂರು ಸೆಕೆಂಡ್ ತೆರೆದರೆ ಸಾಕು.

ಗೋಳಗುಮ್ಮಟದ ಮಾತೇ ಬೇರೆ. ಅಲ್ಲಿ ಬೆಳಕು ಕಡಿಮೆ ಇದ್ದರೂ ದೂರ ಹೆಚ್ಚು. ಗುಮ್ಮಟದ ಒಳವ್ಯಾಸವೇ ಸುಮಾರು 38 ಮೀಟರ್. ಪಿಸುಮಾತಿನ ಗ್ಯಾಲರಿಯಲ್ಲಿ ಈಚೆ ನಿಂತು ಆಚೆ ಬದಿಯವರನ್ನು ತೆಗೆಯುವಾಗ ಫೋಕಸಿನ ಕಷ್ಟವೇ ಬಾರದು. 35 ಮಿ.ಮೀ. ಲೆನ್ಸನ್ನು ಎಫ್ 2ರಲ್ಲಿ 20 ಮೀಟರಿಗೆ ಇಟ್ಟರೆ 10 ಮೀಟರಿನಿಂದ ಅನಂತದವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ರೇಂಜ್‌ಫೈಂಡರಿನಲ್ಲಿ ಮೇಲಕ್ಕೆ ಹಾರುವ ಕನ್ನಡಿ ಇಲ್ಲದಿರುವುದರಿಂದ ಗೋಡೆಗೆ ಭುಜ ಆನಿಸಿ, ಉಸಿರು ಬಿಟ್ಟು ನಿಂತರೆ 1/8 ಸೆಕೆಂಡಿನಲ್ಲೂ ಕೈ ಅಲುಗದ ಚಿತ್ರ ಬರುತ್ತದೆ. ಅಲ್ಲಿಗೆ ಬೇಕಾದದ್ದು ಅಗಲ ನೋಟದ ಲೆನ್ಸ್, ಎಫ್ 0.95 ಅಲ್ಲ.

ಪ್ರಶ್ನೆ: ಹಳೆಯ ರಷ್ಯನ್ ಜೂಪಿಟರ್-3, 50 ಮಿ.ಮೀ. ಎಫ್ 1.5 ಲೆನ್ಸನ್ನು ಅಡಾಪ್ಟರ್ ಹಾಕಿ ಲೈಕಾ ಎಂ ಬಾಡಿಯಲ್ಲಿ ಬಳಸುತ್ತಿದ್ದೇನೆ. ಹತ್ತಿರದಿಂದ ಕಣ್ಣಿಗೆ ಫೋಕಸ್ ಹಿಡಿದರೆ ಚಿತ್ರದಲ್ಲಿ ಕಿವಿ ಸ್ಪಷ್ಟವಾಗಿ ಬರುತ್ತದೆ. ದೂರದ ಚಿತ್ರಗಳು ಸರಿಯಾಗಿವೆ. ತಪ್ಪು ನನ್ನದೋ, ಲೆನ್ಸಿನದೋ? (ಓದುಗರು, ಬೆಳಗಾವಿ)

ಉತ್ತರ: ತಪ್ಪು ನಿಮ್ಮದಲ್ಲ ಎಂದೇ ನನಗೆ ತೋರುತ್ತದೆ. ಇದೇ ದುಃಖವನ್ನು ನಾನೂ ಉಂಡಿದ್ದೇನೆ. ವರ್ಷಗಳ ಹಿಂದೆ ಸೆಕೆಂಡ್ ಹ್ಯಾಂಡ್ ಅಂಗಡಿಯೊಂದರಲ್ಲಿ ಇಂಥದೇ ಲೆನ್ಸ್ ಕೊಂಡು, ಪರೀಕ್ಷೆ ಮಾಡದೆ, ಬಾಗಲಕೋಟೆಯಲ್ಲಿ ನಡೆದ ನನ್ನ ಅಕ್ಕನ ಮಗಳ ಮದುವೆಗೆ ಒಯ್ದೆ. ಅಕ್ಕಿಕಾಳು ಬೀಳುವ ಹೊತ್ತಿನ ಮೂವತ್ತಾರು ಚಿತ್ರಗಳಲ್ಲಿ ಒಂದರಲ್ಲೂ ಮದುಮಗಳ ಕಣ್ಣು ಸ್ಪಷ್ಟವಾಗಿಲ್ಲ. ಕಿವಿಯ ಬೆಂಡೋಲೆಯ ಹರಳುಗಳನ್ನು ಮಾತ್ರ ಒಂದೊಂದಾಗಿ ಎಣಿಸಬಹುದು. ಆ ಕ್ಷಣವನ್ನು ಮತ್ತೆ ತರಲಾಗುವುದಿಲ್ಲ, ಅಂದಿನಿಂದ ಪರೀಕ್ಷಿಸದ ಲೆನ್ಸನ್ನು ನಾನು ಯಾವ ಶುಭಕಾರ್ಯಕ್ಕೂ ಒಯ್ದಿಲ್ಲ.

ಕಾರಣ ಹೀಗಿದೆ. ಜೂಪಿಟರ್-3ರ ಮೂಲ ಜರ್ಮನಿಯ ಝೈಸ್ ಕಂಪನಿಯ ಸೊನಾರ್ ಲೆನ್ಸ್. ಲುಡ್ವಿಗ್ ಬೆರ್ಟೆಲೆ ರೂಪಿಸಿದ ಈ ಎಫ್ 1.5 ಲೆನ್ಸ್ 1932ರಲ್ಲಿ ಕಾಂಟ್ಯಾಕ್ಸ್ ಕ್ಯಾಮೆರಾಕ್ಕಾಗಿ ಬಂತು. ಏಳು ಗಾಜುಗಳನ್ನು ಮೂರೇ ಗುಂಪಾಗಿ ಅಂಟಿಸಿದ್ದರಿಂದ ಗಾಳಿಗೆ ತಾಕುವ ಮೇಲ್ಮೈಗಳು ಆರೇ ಉಳಿದವು, ಹೀಗಾಗಿ ಗಾಜಿನ ಮೇಲೆ ಲೇಪನ ಇಲ್ಲದ ಆ ಕಾಲದಲ್ಲೂ ದೀಪದ ಎದುರು ಅದು ಮಸುಕಾಗುತ್ತಿರಲಿಲ್ಲ. ಸೋವಿಯತ್ ಕಾರ್ಖಾನೆಗಳು ಅದನ್ನು ತಮ್ಮ ಕ್ಯಾಮೆರಾಗಳ ಅಳತೆಗೆ ಹೊಂದಿಸಿದವು. ಆ ಅಳತೆ ಲೈಕಾದ ಅಳತೆಗೆ ನಿಖರವಾಗಿ ಕೂಡುವುದಿಲ್ಲ, ಜೊತೆಗೆ ದಶಕಗಳ ಅವಧಿಯಲ್ಲಿ ಯಾರು ಯಾರೋ ಬಿಚ್ಚಿ ಕೂಡಿಸಿದ ಲೆನ್ಸುಗಳೇ ನಮ್ಮ ಕೈಗೆ ಬರುತ್ತವೆ. ಎಫ್ 1.5ರಲ್ಲಿ ಫಿಲ್ಮಿನ ಬಳಿ ಸಹಿಸಬಹುದಾದ ದೋಷ 0.045 ಮಿ.ಮೀ. ಆಸುಪಾಸು ಮಾತ್ರ. ದೂರದಲ್ಲಿ ಸರಿಯಾಗಿದ್ದು ಹತ್ತಿರದಲ್ಲಿ ತಪ್ಪುವುದು ಈ ಹೊಂದಾಣಿಕೆಯ ದೋಷದ ಲಕ್ಷಣ.

ಮೊದಲು ಬಾಡಿ ಸರಿಯಿದೆಯೇ ಎಂದು ಬೇರೊಂದು ನಂಬಿಕೆಯ ಲೆನ್ಸ್ ಹಾಕಿ ನೋಡಿ. ಆಮೇಲೆ ಮೇಜಿನ ಮೇಲೆ ಐದು ಕಡ್ಡಿಪೆಟ್ಟಿಗೆಗಳನ್ನು ಓರೆಯಾಗಿ, ಒಂದರ ಹಿಂದೊಂದು ಎರಡೆರಡು ಸೆಂ.ಮೀ. ಅಂತರದಲ್ಲಿ ನಿಲ್ಲಿಸಿ, ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಒಂದು ಮೀಟರ್ ದೂರದಲ್ಲಿಟ್ಟು, ನಡುವಿನ ಪೆಟ್ಟಿಗೆಯ ಅಂಚಿಗೆ ಫೋಕಸ್ ಹಿಡಿದು, ಎಫ್ 1.5, 2, 2.8 ಮತ್ತು 4ರಲ್ಲಿ ಒಂದೊಂದು ಚಿತ್ರ ತೆಗೆಯಿರಿ. ಯಾವ ಪೆಟ್ಟಿಗೆಯ ಮೇಲಿನ ಅಕ್ಷರ ಓದಲು ಬರುತ್ತದೆ ಎಂಬುದನ್ನು ಬರೆದಿಡಿ. ಎಲ್ಲ ಅಪರ್ಚರಿನಲ್ಲೂ ಫೋಕಸ್ ಒಂದೇ ಕಡೆಗೆ ಸರಿದಿದ್ದರೆ ಅದು ಅಳತೆಯ ದೋಷ. ಲೆನ್ಸಿನ ಒಳಗಿನ ತೆಳು ಉಂಗುರದ ದಪ್ಪವನ್ನು ಬದಲಿಸಿ ಬಲ್ಲ ಮೆಕ್ಯಾನಿಕ್ ಅದನ್ನು ಸರಿಪಡಿಸಬಹುದು. ಅಪರ್ಚರ್ ಕಿರಿದಾದಂತೆ ಫೋಕಸ್ ಹಿಂದಕ್ಕೆ ಸರಿಯುತ್ತ ಹೋದರೆ ಅದು ಸೊನಾರ್ ರಚನೆಯ ಹುಟ್ಟುಗುಣ, ರಿಪೇರಿಯಿಂದ ಹೋಗುವಂಥದಲ್ಲ. ಝೈಸ್ ಈಚೆಗೆ ತಯಾರಿಸಿದ ಸಿ ಸೊನಾರ್ 50 ಮಿ.ಮೀ. ಎಫ್ 1.5 ಲೆನ್ಸಿನಲ್ಲೂ ಈ ಗುಣ ಇದೆ. ಮೊದಮೊದಲು ಅದನ್ನು ಎಫ್ 2.8ಕ್ಕೆ ಹೊಂದಿಸಿ ಕಳಿಸುತ್ತಿದ್ದುದರಿಂದ ಪೂರ್ತಿ ತೆರೆದಾಗ ಫೋಕಸ್ ಮುಂದೆ ಬೀಳುತ್ತಿತ್ತು. ರಾತ್ರಿಯ ಕೆಲಸಕ್ಕಾಗಿಯೇ ಲೆನ್ಸ್ ಇಟ್ಟುಕೊಂಡವರು ಪೂರ್ತಿ ತೆರೆದ ಅಪರ್ಚರಿಗೆ ಹೊಂದಿಸಿಕೊಳ್ಳುವುದೇ ಮೇಲು.

ನಿಮ್ಮ ಜೂಪಿಟರನ್ನು ಮಾರಬೇಡಿ. ಸರಿಪಡಿಸಿದ ಮೇಲೆ ಮುಖದ ಚಿತ್ರಗಳಲ್ಲಿ ಅದು ಕೊಡುವ ಮೃದುವಾದ ಬೆಳಕು ಹೊಸ ಲೆನ್ಸುಗಳಲ್ಲಿ ಸಿಗುವುದಿಲ್ಲ.

ಪ್ರಶ್ನೆ: ನಮ್ಮದು ನೇಕಾರರ ಮನೆತನ. ಅಪ್ಪ ಕುಣಿಮಗ್ಗದಲ್ಲಿ ಖಣ ನೇಯುವುದನ್ನು ಚಿತ್ರಗಳಲ್ಲಿ ಉಳಿಸಿಕೊಳ್ಳಬೇಕೆಂಬ ಆಸೆ ಇದೆ. ಫ್ಲ್ಯಾಶ್ ಹಾಕಿದರೆ ಅಪ್ಪನಿಗೆ ಎಳೆ ಕಾಣುವುದಿಲ್ಲ. 35 ಮಿ.ಮೀ. ತೆಗೆದುಕೊಳ್ಳಲೋ, 50 ಮಿ.ಮೀ. ತೆಗೆದುಕೊಳ್ಳಲೋ? (ಓದುಗರು, ಗುಳೇದಗುಡ್ಡ)

ಉತ್ತರ: ಈ ಪತ್ರ ಓದಿ ಬಹಳ ಸಂತೋಷವಾಯಿತು. ಈ ಕೆಲಸವನ್ನು ಮುಂದಕ್ಕೆ ಹಾಕಬೇಡಿ.

ಇಳಕಲ್ಲಿನ ಒಂದು ಮನೆಯಲ್ಲಿ ಸೀರೆಯ ಮಗ್ಗದ ಚಿತ್ರ ತೆಗೆಯಲು ನಾನು ಮೂರು ದಿನ ಕಳೆದಿದ್ದೆ. ಹತ್ತು ಅಡಿ ಅಗಲದ ಕೋಣೆಯಲ್ಲಿ ಮಗ್ಗವೇ ಮುಕ್ಕಾಲು ಜಾಗ ಹಿಡಿದಿತ್ತು. ನೇಯುವವರು ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಾಗ ಅವರ ಕಣ್ಣು ನಮ್ಮ ಮೊಣಕಾಲಿನ ಎತ್ತರಕ್ಕೆ ಬರುತ್ತದೆ, ಆದ್ದರಿಂದ ನಾವೂ ನೆಲಕ್ಕೆ ಕೂರಬೇಕು. ಗೋಡೆಗೆ ಬೆನ್ನು ಹಚ್ಚಿ ಕೂತರೂ ಅವರ ಮುಖ ಒಂದೂಕಾಲು ಮೀಟರ್ ದೂರದಲ್ಲೇ ಉಳಿಯಿತು. 50 ಮಿ.ಮೀ. ಲೆನ್ಸಿನಲ್ಲಿ ಮುಖ ಸಿಕ್ಕರೆ ಕೈ ಸಿಗಲಿಲ್ಲ, ಕೈ ಸಿಕ್ಕರೆ ಲಾಳಿ ಹೊರಗುಳಿಯಿತು. 35 ಮಿ.ಮೀ. ಹಾಕಿದ ಮೇಲೆಯೇ ಮುಖ, ಹಾಸು, ಲಾಳಿ ಮೂರೂ ಒಂದೇ ಚೌಕಟ್ಟಿನಲ್ಲಿ ಕೂತವು. ನೀವೂ 35 ಮಿ.ಮೀ. ಲೆನ್ಸನ್ನೇ ತೆಗೆದುಕೊಳ್ಳಿ.

ಅಗಲ ನೋಟದ ಲೆನ್ಸಿನಲ್ಲಿ ಸ್ಪಷ್ಟತೆಯ ಆಳ ತಾನಾಗಿ ಹೆಚ್ಚುತ್ತದೆ ಎಂದು ಹಲವರು ನಂಬಿದ್ದಾರೆ. ಒಂದೇ ದೂರದಿಂದ ನೋಡಿದರೆ ಅದು ನಿಜ: 1.2 ಮೀಟರಿನಲ್ಲಿ ಎಫ್ 1.4ಕ್ಕೆ 35 ಮಿ.ಮೀ. ಲೆನ್ಸ್ ಹತ್ತಿರ ಹತ್ತಿರ 10 ಸೆಂ.ಮೀ. ಆಳ ಕೊಟ್ಟರೆ 50 ಮಿ.ಮೀ. ಲೆನ್ಸ್ ಅದರ ಅರ್ಧದಷ್ಟನ್ನು ಕೊಡುತ್ತದೆ. ಆದರೆ ಅಪ್ಪನ ಮುಖ ಚಿತ್ರದಲ್ಲಿ ಅಷ್ಟೇ ದೊಡ್ಡದಾಗಿ ಬರಲೆಂದು 50 ಮಿ.ಮೀ. ಹಿಡಿದು ಹಿಂದೆ ಸರಿದರೆ ಆಳ ಎರಡರಲ್ಲೂ ಸಮವಾಗುತ್ತದೆ. ನಿಮ್ಮ ಕೋಣೆಯಲ್ಲಿ ಹಿಂದೆ ಸರಿಯಲು ಜಾಗವೇ ಇಲ್ಲ ಎನ್ನುವುದೇ ಇಲ್ಲಿಯ ನಿಜವಾದ ಕಾರಣ.

ಎಫ್ 1.4 ಬೇಕೋ, ಎಫ್ 2 ಸಾಕೋ ಎಂಬುದು ಮುಂದಿನ ಪ್ರಶ್ನೆ. ಒಂದು ಟ್ಯೂಬ್‌ಲೈಟ್ ಇರುವ ಕೋಣೆಯಲ್ಲಿ 1600 ವೇಗಕ್ಕೆ ಎಫ್ 2ರಲ್ಲಿ 1/60 ಸೆಕೆಂಡ್ ಸಿಗುವ ಸಂಭವ ಹೆಚ್ಚು. ನಮ್ಮ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರನ್ನು 1/100ಕ್ಕಿಂತ ವೇಗವಾಗಿಟ್ಟರೆ ಚಿತ್ರದಲ್ಲಿ ಕಪ್ಪು ಪಟ್ಟೆ ಬೀಳಬಹುದು, ಆದ್ದರಿಂದ 1/60 ಅಥವಾ 1/50ರಲ್ಲೇ ಉಳಿಯಿರಿ. ಲಾಳಿಯ ಓಟವನ್ನು 1/60ರಲ್ಲಿ ತಡೆದು ನಿಲ್ಲಿಸಲಾಗದು, ನಿಲ್ಲಿಸಲೂಬಾರದು. 1/15ರಲ್ಲಿ ಮುಖ ಸ್ಥಿರವಾಗಿ, ಲಾಳಿ ಒಂದು ಬಿಳಿಯ ಗೆರೆಯಾಗಿ ಬಂದ ಚಿತ್ರವೇ ನನ್ನ ಮೂರು ದಿನದ ಕೆಲಸದಲ್ಲಿ ಮಗ್ಗದ ಸದ್ದನ್ನು ನೆನಪಿಗೆ ತರುವ ಚಿತ್ರ.

ಹೀಗಾಗಿ ಫೋಕ್ಟ್‌ಲೆಂಡರ್ ಅಲ್ಟ್ರಾನ್ 35 ಮಿ.ಮೀ. ಎಫ್ 2ರಂಥ ಸಣ್ಣ ಲೆನ್ಸ್ ನಿಮಗೆ ಒಪ್ಪುತ್ತದೆ ಎಂಬುದು ನನ್ನ ಅನಿಸಿಕೆ. 2019ರಲ್ಲಿ ಬಂದ ಈ ಲೆನ್ಸ್ ಹಗುರ, ಹತ್ತಿರಕ್ಕೂ ಫೋಕಸ್ ಆಗುತ್ತದೆ, ಪೂರ್ತಿ ತೆರೆದಾಗಲೂ ಅಂಚಿನವರೆಗೆ ಚೊಕ್ಕವಾಗಿದೆ. ಅದೇ ಸಂಸ್ಥೆಯ ನಾಕ್ಟನ್ 35 ಮಿ.ಮೀ. ಎಫ್ 1.4 ಒಂದು ಸ್ಟಾಪ್ ಹೆಚ್ಚು ಕೊಡುತ್ತದೆ. ಆದರೆ ಅದರ ಮೊದಲ ಆವೃತ್ತಿಯಲ್ಲಿ ಅಪರ್ಚರ್ ಕಿರಿದಾದಾಗ ಫೋಕಸ್ ಸರಿಯುವ ತೊಂದರೆ ಇದೆ, ಕೊಳ್ಳುವುದಾದರೆ ಎರಡನೆಯದನ್ನು ಕೊಳ್ಳಿ. ಲೈಕಾದ ಹಳೆಯ ಸುಮಿಲಕ್ಸ್ 35 ಮಿ.ಮೀ. ಎಫ್ 1.4, 1961ರಿಂದ ಬಂದ ಆ ಮೊದಲ ಬಗೆ, ಒಂದು ಮೀಟರಿಗಿಂತ ಹತ್ತಿರ ಬರುವುದಿಲ್ಲ. ಅಪ್ಪನ ಹಿಂದೆ ಕಿಟಕಿ ಇದ್ದರೆ ಪೂರ್ತಿ ತೆರೆದಾಗ ಚಿತ್ರವೆಲ್ಲ ಹಾಲು ಚೆಲ್ಲಿದಂತಾಗುತ್ತದೆ. ಯಾವ ಲೆನ್ಸಾದರೂ ಸರಿ, ಮುಂದೆ ಹುಡ್ (ಓರೆ ಬೆಳಕು ತಡೆಯುವ ಮರೆ) ಹಾಕಿಕೊಳ್ಳಿ, ಕಿಟಕಿ ಚೌಕಟ್ಟಿನ ಹೊರಗೆ ಉಳಿಯುವಂತೆ ಕೂರಿ.

ಪ್ರಶ್ನೆ: ಸೋದರಮಾವ ಕೊಟ್ಟ ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್ ಕ್ಯಾಮೆರಾ ಇದೆ. ಇದರ ಲೆನ್ಸ್ ಬದಲಿಸಲು ಬರುವುದಿಲ್ಲವಂತೆ. ಊರಿನ ದೊಡ್ಡಾಟವನ್ನು ಇದರಲ್ಲಿ ತೆಗೆಯಬಹುದೇ? (ಓದುಗರು, ಜಮಖಂಡಿ)

ಉತ್ತರ: ಖಂಡಿತ ತೆಗೆಯಬಹುದು. ಅದರಲ್ಲಿರುವ 45 ಮಿ.ಮೀ. ಎಫ್ 1.7 ಲೆನ್ಸ್ ನಿಜವಾಗಿಯೂ ಫಾಸ್ಟ್ ಲೆನ್ಸೇ, ಅದಕ್ಕಿಂತ ಮೇಲಿನದಕ್ಕಾಗಿ ನೀವು ಹಣ ಕಳೆಯಬೇಕಾಗಿಲ್ಲ. ಮೊದಲು ಬ್ಯಾಟರಿ ನೋಡಿ. ಅದಕ್ಕೆ ಬೇಕಿದ್ದ 5.6 ವೋಲ್ಟಿನ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ. 6 ವೋಲ್ಟಿನ ಬ್ಯಾಟರಿಯನ್ನು ಅಡಾಪ್ಟರಿನಲ್ಲಿಟ್ಟು ಬಳಸುತ್ತಾರೆ. ಬ್ಯಾಟರಿ ಇಲ್ಲದಿದ್ದರೆ ಶಟರ್ 1/500ರಲ್ಲಿ ಮಾತ್ರ ಓಡುತ್ತದೆ, ರಾತ್ರಿಗೆ ಅದು ಉಪಯೋಗವಿಲ್ಲ. ಲಿವರ್ ತಿರುವಿದಾಗ ಒಳಗಿಂದ ಟಕ್ ಎಂಬ ಸದ್ದು ಬರುತ್ತದೆಯೇ ಕೇಳಿ. ಬರದಿದ್ದರೆ ಒಳಗಿನ ಪುಟ್ಟ ರಬ್ಬರ್ ತುಂಡು ಸವೆದು ಹೋಗಿದೆ ಎಂದರ್ಥ, ಅದನ್ನು ಹಾಕಿಸಬೇಕು.

ದೊಡ್ಡಾಟದಲ್ಲಿ ಎಚ್ಚರ ವಹಿಸಬೇಕಾದದ್ದು ಬೇರೆಯೇ ಇದೆ. ರಂಗದ ಮೇಲಿನ ದೀಪ ಪ್ರಖರ, ಪಾತ್ರಧಾರಿಯ ಭುಜಕೀರ್ತಿ, ಕಿರೀಟ, ಎದೆಹಾರಗಳೆಲ್ಲ ಬೆಳಕನ್ನು ಎಸೆಯುತ್ತಿರುತ್ತವೆ, ಸುತ್ತಲೂ ಕಗ್ಗತ್ತಲೆ. ಈ ಕ್ಯಾಮೆರಾದ ಬೆಳಕಳೆಯುವ ಕಣ್ಣು ಲೆನ್ಸಿನ ಮೂಲಕ ನೋಡದೆ ಒಟ್ಟು ದೃಶ್ಯದ ಸರಾಸರಿ ತೆಗೆಯುವುದರಿಂದ ಕತ್ತಲನ್ನೇ ಹೆಚ್ಚಾಗಿ ಲೆಕ್ಕ ಹಿಡಿದು ಶಟರನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆರೆದಿಡುತ್ತದೆ. ಬಣ್ಣ ಬಳಿದ ಮುಖಗಳು ಸುಣ್ಣದಂತೆ ಬೆಳ್ಳಗಾಗುತ್ತವೆ. ಆದ್ದರಿಂದ 400ರ ಫಿಲ್ಮ್ ಹಾಕಿ, ವೇಗದ ತಿರುಗಣೆಯನ್ನು 800ಕ್ಕೆ ಇಡಿ, ಡೆವಲಪ್ ಮಾತ್ರ ಮಾಮೂಲಿನಂತೆ ಮಾಡಿಸಿ. ಹಳದಿ ದೀಪ ಹತ್ತಿದರೆ ಶಟರ್ 1/30ಕ್ಕಿಂತ ನಿಧಾನವಾಗಿದೆ ಎಂದು ತಿಳಿದು, ಪಾತ್ರಧಾರಿ ಕುಣಿತ ನಿಲ್ಲಿಸಿ ಮಾತಿಗೆ ನಿಂತ ಗಳಿಗೆಗೆ ಕಾಯಿರಿ.

ಪ್ರಶ್ನೆ: ಬಾದಾಮಿಯ ಗುಹೆಗಳಿಗೆ ಎಫ್ 1.4 ಬೇಕಾಗುತ್ತದೆಯೇ? (ಓದುಗರು, ಬಾದಾಮಿ)

ಉತ್ತರ: ಬೇಕಿಲ್ಲ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯ ವಿಷ್ಣು ಕದಲುವವನಲ್ಲ. ಕಂಬಕ್ಕೆ ಭುಜ ಆನಿಸಿ 28 ಮಿ.ಮೀ. ಲೆನ್ಸನ್ನು ಎಫ್ 5.6ಕ್ಕೆ ಇಟ್ಟು 1/15ರಲ್ಲಿ ತೆಗೆದರೆ ಶಿಲ್ಪದ ಉಬ್ಬುತಗ್ಗುಗಳೆಲ್ಲ ಸ್ಪಷ್ಟವಾಗಿ ಬರುತ್ತವೆ. ಟ್ರೈಪಾಡ್ ಬೇಕೆನಿಸಿದರೆ ಪುರಾತತ್ವ ಇಲಾಖೆಯ ಅನುಮತಿಯನ್ನು ಮುಂಚೆಯೇ ಪಡೆಯಬೇಕು.

ಪ್ರಶ್ನೆ: ನನಗೆ ಐವತ್ತೆಂಟು ವರ್ಷ. ಹಗಲಿನಲ್ಲಿ ಫೋಕಸ್ ಸರಿಯಾಗಿ ಹಿಡಿಯುತ್ತೇನೆ, ಸಂಜೆಯಾದರೆ ಚೌಕದಲ್ಲಿ ಎರಡು ಬಿಂಬಗಳೇ ಕಾಣುವುದಿಲ್ಲ. ಓದುವ ಕನ್ನಡಕ ಹಾಕಿದರೂ ಅಷ್ಟೇ. ಇದಕ್ಕೆ ಬೇರೆ ಲೆನ್ಸ್ ಬೇಕೇ? (ಓದುಗರು, ಅಥಣಿ)

ಉತ್ತರ: ಫೋಟೋ ಲೆನ್ಸ್ ಎಷ್ಟೇ ಫಾಸ್ಟ್ ಆಗಿದ್ದರೂ ರೇಂಜ್‌ಫೈಂಡರಿನ ಕಿಟಕಿಯಲ್ಲಿ ಕಾಣುವ ಬೆಳಕು ಒಂದಿಷ್ಟೂ ಹೆಚ್ಚುವುದಿಲ್ಲ, ಏಕೆಂದರೆ ಎರಡರ ದಾರಿಯೇ ಬೇರೆ. ಆದ್ದರಿಂದ ಹೊಸ ಲೆನ್ಸ್ ನಿಮ್ಮ ಈ ಕಷ್ಟಕ್ಕೆ ಮದ್ದಲ್ಲ.

ಓದುವ ಕನ್ನಡಕವನ್ನು ತೆಗೆದುಬಿಡಿ. ಲೈಕಾ ಎಂ ಸರಣಿಯ ವ್ಯೂಫೈಂಡರ್ ಬಿಂಬವನ್ನು ಸುಮಾರು ಎರಡು ಮೀಟರ್ ದೂರದಲ್ಲಿರುವಂತೆ ತೋರಿಸುತ್ತದೆ, ಹೀಗಾಗಿ ನಿಮಗೆ ಬೇಕಾದದ್ದು ದೂರ ನೋಡುವ ಕನ್ನಡಕ, ಅಥವಾ ಕಣ್ಣಿಡುವ ಕಡೆ ತಿರುಗಿಸಿ ಕೂರಿಸುವ, ನಿಮ್ಮ ನಂಬರಿನ ಪುಟ್ಟ ಗಾಜು. ಕನ್ನಡಕದ ಅಂಗಡಿಯಲ್ಲಿ ಪರೀಕ್ಷೆಯ ಗಾಜುಗಳನ್ನು ಒಂದೊಂದಾಗಿ ಕಣ್ಣಿನ ಮುಂದೆ ಹಿಡಿದು ಕ್ಯಾಮೆರಾದಲ್ಲಿ ನೋಡಿ ಆರಿಸಿಕೊಳ್ಳಿ. ಮುಂದಿನ ಕಿಟಕಿಗಳನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಸಣ್ಣ ಕಿಟಕಿಯ ಮೇಲೆ ಒಂದು ಬೆರಳಿನ ಜಿಡ್ಡು ಕೂತರೂ ಸಂಜೆ ಎರಡನೆಯ ಬಿಂಬ ಕರಗಿ ಹೋಗುತ್ತದೆ. ಇಷ್ಟರಿಂದಲೂ ಆಗದಿದ್ದರೆ 1.25 ಪಟ್ಟು ಹಿರಿದು ತೋರಿಸುವ ಮ್ಯಾಗ್ನಿಫೈಯರ್ ಹಾಕಿಸಿಕೊಳ್ಳಿ, 0.72ರ ವ್ಯೂಫೈಂಡರ್ ಆಗ 0.9 ಆಗುತ್ತದೆ, ನಿಖರತೆ ಎಂ3ರ ಹತ್ತಿರಕ್ಕೆ ಬರುತ್ತದೆ, ಆದರೆ 35 ಮಿ.ಮೀ. ಚೌಕಟ್ಟಿನ ಅಂಚುಗಳು ಕನ್ನಡಕದವರಿಗೆ ಕಾಣದಂತಾಗುತ್ತವೆ.

ಕಣ್ಣಿಗೆ ಫೋಕಸ್ ಹಿಡಿಯಬೇಕೆಂಬ ಹಟವನ್ನು ಕತ್ತಲಲ್ಲಿ ಬಿಡಿ. ಕಪ್ಪು ಕಣ್ಣಿನಲ್ಲಿ ಹಿಡಿಯಲು ಗೆರೆಯೇ ಇರುವುದಿಲ್ಲ. ಮೂಗುತಿಯ ಹೊಳಪು, ಅಂಗಿಯ ಕಾಲರಿನ ಅಂಚು, ಟೋಪಿಯ ಅಂಚು, ಕನ್ನಡಕದ ಚೌಕಟ್ಟು ಇವುಗಳಲ್ಲಿ ಒಂದನ್ನು ಹುಡುಕಿ. ಮೂಗುತಿಯ ಒಂದು ಮಿಂಚು ಚೌಕದಲ್ಲಿ ಎರಡಾಗಿ ಕಂಡು, ಬೆರಳು ಸರಿಸುತ್ತಿದ್ದಂತೆ ಒಂದಾಗುವುದು ಎಂಥ ಕತ್ತಲಲ್ಲೂ ಕಾಣುತ್ತದೆ. ಫೋಕಸ್ ಕೂಡಿದ ಮೇಲೆ ಲೆನ್ಸ್ ಮುಟ್ಟದೆ, ಅವರು ಚೂರು ಸರಿದರೆ ನಿಮ್ಮ ಸೊಂಟವನ್ನೇ ಮುಂದೆ ಹಿಂದೆ ಬಾಗಿಸಿ ಸರಿಪಡಿಸಿಕೊಳ್ಳಿ.

ಅದೂ ಕಾಣದಷ್ಟು ಕತ್ತಲಾದರೆ ಅಳತೆಯನ್ನು ಮೈಗೆ ಕಲಿಸಬೇಕು. ಹೂವಾಡಗಿತ್ತಿಯರು ಅಳೆಯುವ ಮೊಳ ಸುಮಾರು 45 ಸೆಂ.ಮೀ., ನಾಲ್ಕು ಮೊಳದ ಒಂದು ಮಾರು ಸುಮಾರು 1.8 ಮೀಟರ್. ನಿಮ್ಮ ಲೆನ್ಸಿನ ಕೆಳಗೆ ಬೆರಳಿಡುವ ಕೊಕ್ಕೆ ಇದ್ದರೆ, ಒಂದು ಮಾರು ದೂರದಲ್ಲಿ ಅದು ಯಾವ ಕಡೆಗೆ ತಿರುಗಿ ನಿಲ್ಲುತ್ತದೆ, ಮೂರು ಮೊಳಕ್ಕೆ ಎಲ್ಲಿಗೆ ಬರುತ್ತದೆ ಎಂಬುದನ್ನು ಮನೆಯಲ್ಲಿ ದೀಪ ಆರಿಸಿ ಕೂತು ಬೆರಳಿಗೆ ರೂಢಿ ಮಾಡಿಸಿ. 35 ಮಿ.ಮೀ. ಲೆನ್ಸ್ ಎಫ್ 2ರಲ್ಲಿ ಒಂದು ಮಾರು ದೂರಕ್ಕೆ ನಿಂತರೆ ಸುಮಾರು 30 ಸೆಂ.ಮೀ. ಆಳ ಸ್ಪಷ್ಟವಾಗಿರುತ್ತದೆ. ಮನೆಯ ಕಟ್ಟೆಯ ಮೇಲೆ ಕೂತು ಮಾತಾಡುವವರ ಮುಖಕ್ಕೆ ಅಷ್ಟು ಸಾಕು.